ಮೊದಲ ಫೋಲ್ಡರ್ ಮಾತ್ರ ಸರಿಯಿತ್ತು: ಕೊಡಗಿನ ಒಂದು ತೋಟದ ಮನೆಯ ಬ್ಯಾಕಪ್ ಪ್ರಕರಣ

ಸೋಮವಾರಪೇಟೆ ತಾಲ್ಲೂಕಿನ ಒಂದು ಕಾಫಿ ತೋಟ. ನಡುವೆ ಹಳೆಯ ಹೆಂಚಿನ ಮನೆ, ಅದರ ಒಂದು ಪಕ್ಕದಲ್ಲಿ ಹೋಂಸ್ಟೇ. ಗುರುತು ಸಿಗಬಾರದೆಂದು ಊರಿನ ವಿವರ, ಮನೆಯವರ ಸಂಬಂಧ, ಕೆಲವು ತಿಂಗಳುಗಳನ್ನು ಬದಲಿಸಿದೆ. ಯಂತ್ರಗಳು, ಸೆಟ್ಟಿಂಗ್‌ಗಳು, ಒಂದರ ಹಿಂದೆ ಒಂದು ಕೈಕೊಟ್ಟ ಕ್ರಮ ಇದ್ದ ಹಾಗೆಯೇ ಇವೆ.

ಮನೆಯ ಲೆಕ್ಕಪತ್ರವೆಲ್ಲ ಒಂದೇ ಲ್ಯಾಪ್‌ಟಾಪ್‌ನಲ್ಲಿ. ಹಗಲು ತೋಟದ ರೈಟರ್, ಅಂದರೆ ಗುಮಾಸ್ತರು, ಅದರಲ್ಲಿ ಟ್ಯಾಲಿ ಲೆಕ್ಕ ಮತ್ತು ಚೆಕ್‌ರೋಲ್ (ಕೆಲಸದಾಳುಗಳ ಹಾಜರಿ-ಕೂಲಿಯ ಪಟ್ಟಿ) ಬರೆಯುತ್ತಾರೆ. ಸಂಜೆ ಮನೆಯ ಸೊಸೆ ಹೋಂಸ್ಟೇ ಬುಕಿಂಗ್ ನೋಡಿಕೊಳ್ಳುತ್ತಾರೆ. ವಿಂಡೋಸ್ 11, 512 ಜಿಬಿ ಎಸ್‌ಎಸ್‌ಡಿ. ಕಾಪಾಡಬೇಕಾದ ಡೇಟಾ ಸುಮಾರು 180 ಜಿಬಿ, ಎಲ್ಲವೂ ಸಿ ಡ್ರೈವ್‌ನ ಒಂದೇ ದೊಡ್ಡ ಫೋಲ್ಡರ್‌ನಲ್ಲಿ. ಅದರೊಳಗೆ ಐದು: ಅಕೌಂಟ್ಸ್, ಬುಕಿಂಗ್ ಮೇಲ್, ಚೆಕ್‌ರೋಲ್, ಹೋಂಸ್ಟೇ ಫೋಟೋ, ಲ್ಯಾಂಡ್. ಹೆಸರುಗಳು ಇಂಗ್ಲಿಷ್‌ನಲ್ಲಿದ್ದವು, ಆದ್ದರಿಂದ ಕಂಪ್ಯೂಟರಿಗೆ ಕಾಣುವ ಅಕ್ಷರಕ್ರಮವೂ ಇದೇ. ಈ ಕ್ರಮ ಮುಂದೆ ಮುಖ್ಯವಾಗುತ್ತದೆ.

ಪೇಟೆಯ ಅಂಗಡಿಯೊಬ್ಬರಿಂದ ಎರಡು ಡಿಸ್ಕಿನ ನಾಸ್ (ಮನೆಯ ನೆಟ್‌ವರ್ಕ್‌ಗೆ ಸೇರಿಸುವ ಡಿಸ್ಕ್ ಪೆಟ್ಟಿಗೆ) ತಂದು ರೂಟರ್ ಪಕ್ಕದಲ್ಲಿ ಇಡಲಾಗಿತ್ತು. 4 ಟಿಬಿಯ ಎರಡು ಡಿಸ್ಕ್, ಒಂದರದ್ದೇ ಪ್ರತಿ ಇನ್ನೊಂದರಲ್ಲಿ. ನಾಸ್‌ನ ಹಂಚಿಕೆ ಫೋಲ್ಡರಿಗೆ ಪಾಸ್‌ವರ್ಡ್ ಇರಲಿಲ್ಲ, ಅತಿಥಿ ಪ್ರವೇಶ. ಲ್ಯಾಪ್‌ಟಾಪ್‌ನಲ್ಲಿ ಅದು ಝಡ್ ಡ್ರೈವ್ ಆಗಿ ಕಾಣುತ್ತಿತ್ತು. ರಾತ್ರಿ 9 ಗಂಟೆಗೆ ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್, ಫೈಲ್ ಪ್ರತಿ ಮಾಡುವ ಒಂದು ರೋಬೋಕಾಪಿ ಆಜ್ಞೆಯನ್ನು ಓಡಿಸಿ, ದೊಡ್ಡ ಫೋಲ್ಡರನ್ನು ಝಡ್‌ಗೆ ತದ್ರೂಪು ಮಾಡಬೇಕು. ಆಜ್ಞೆಯಲ್ಲಿದ್ದ ಮುಖ್ಯ ಗುರುತು ಒಂದೇ: /ಎಂಐಆರ್. ಮೂಲದಲ್ಲಿ ಇದ್ದದ್ದು ಗುರಿಯಲ್ಲೂ ಇರಲಿ, ಮೂಲದಲ್ಲಿ ಇಲ್ಲದ್ದು ಗುರಿಯಲ್ಲಿ ಅಳಿಸಿಹೋಗಲಿ ಎಂದು ಅದರ ಅರ್ಥ. ಕೆಲಸ "ಬಳಕೆದಾರ ಲಾಗಿನ್ ಆಗಿದ್ದಾಗ ಮಾತ್ರ" ಓಡುವಂತೆ ಇಟ್ಟದ್ದಕ್ಕೂ ಕಾರಣವಿತ್ತು: ಲಾಗಿನ್ ಇಲ್ಲದಾಗಲೂ ಓಡಲಿ ಎಂದು ಗುರುತು ಹಾಕಿದರೆ ಆ ಕೆಲಸಕ್ಕೆ ಝಡ್‌ನಂಥ ಜೋಡಿಸಿದ ಡ್ರೈವ್‌ಗಳು ಕಾಣುವುದಿಲ್ಲ.

ಆರಂಭದಲ್ಲಿ ಎಲ್ಲ ಸರಿಯೇ ಇತ್ತು. ಒಂಬತ್ತಕ್ಕೆ ಒಂದು ಕಪ್ಪು ಕಿಟಕಿ ತೆರೆದು, ಅಕ್ಷರಗಳು ಸರಸರ ಓಡಿ, ಮುಚ್ಚಿಕೊಳ್ಳುತ್ತಿತ್ತು.

ಜುಲೈ

ಜುಲೈನ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಬೂಟ್ ಆಗಲಿಲ್ಲ. ವಿಂಡೋಸ್‌ಗಿಂತ ಮೊದಲು ತೆರೆಯುವ ಬಯಾಸ್ ಪುಟದಲ್ಲಿ ಎಸ್‌ಎಸ್‌ಡಿಯ ಹೆಸರೇ ಇಲ್ಲ. ಹಾರ್ಡ್‌ಡಿಸ್ಕ್ ಸಾಯುವ ಮೊದಲು ಕಟಕಟ ಸದ್ದು ಮಾಡಿಯೋ ನಿಧಾನವಾಗಿಯೋ ಸೂಚನೆ ಕೊಡುವುದುಂಟು. ಎಸ್‌ಎಸ್‌ಡಿಯನ್ನು ನಡೆಸುವ ಚಿಪ್ಪಾದ ಕಂಟ್ರೋಲರ್ ಹೋದರೆ ಹಾಗೇನೂ ಇಲ್ಲ, ನಿನ್ನೆ ಇತ್ತು, ಇವತ್ತು ಇಲ್ಲ. ಮನೆಯವರು ಗಾಬರಿಯಾಗಲಿಲ್ಲ, ನಾಸ್ ಇದೆಯಲ್ಲ ಎಂದು.

ನಾಸ್ ತೆರೆದಾಗ ಸಿಕ್ಕದ್ದು ಇಷ್ಟು. ಅಕೌಂಟ್ಸ್‌ನಲ್ಲಿ ಜೂನ್ ಕೊನೆಯವರೆಗಿನ ಟ್ಯಾಲಿ. ಬುಕಿಂಗ್ ಮೇಲ್ ಫೋಲ್ಡರಿದೆ, ಒಳಗೆ ಉಪಯೋಗಕ್ಕೆ ಬರುವ ಫೈಲ್ ಇಲ್ಲ. ಚೆಕ್‌ರೋಲ್, ಫೋಟೋ, ಲ್ಯಾಂಡ್ ಮೂರೂ ಜನವರಿಯಲ್ಲೇ ನಿಂತಿವೆ.

ಕಾರಣ ಹುಡುಕಿದಾಗ ಒಂದಲ್ಲ, ಎರಡು ಬೇರೆಬೇರೆ ತಡೆಗಳು ಒಂದರ ಮೇಲೊಂದು ಕೂತಿದ್ದು ಕಂಡಿತು.

ಮೊದಲನೆಯದು ಜನವರಿಯಲ್ಲಿ ಶುರುವಾದದ್ದು. ಅಲ್ಲಿಯವರೆಗೆ ಬ್ರೌಸರಿನಲ್ಲಿ ನೋಡುತ್ತಿದ್ದ ಬುಕಿಂಗ್ ಮೇಲನ್ನು ಔಟ್‌ಲುಕ್‌ಗೆ ತಂದರು. ಅದರ ಪಿಎಸ್‌ಟಿ ಫೈಲನ್ನು (ಮೇಲ್‌ಗಳೆಲ್ಲ ಇರುವ ಒಂದೇ ಫೈಲ್) ಬುಕಿಂಗ್ ಮೇಲ್ ಫೋಲ್ಡರಿನಲ್ಲಿ ಇಟ್ಟರು. ಔಟ್‌ಲುಕ್ ತೆರೆದಿರುವಷ್ಟು ಹೊತ್ತು ಆ ಫೈಲಿಗೆ ಬೀಗ. ಸೊಸೆಯವರು ರಾತ್ರಿ ಮೇಲ್ ನೋಡಿ ಔಟ್‌ಲುಕ್ ಮುಚ್ಚದೆ ಹಾಗೇ ಬಿಡುತ್ತಿದ್ದರು. ಎಲ್ಲರೂ ಮಾಡುವುದೂ ಅದನ್ನೇ. ರೋಬೋಕಾಪಿಗೆ ಬೀಗ ಹಾಕಿದ ಫೈಲ್ ಸಿಕ್ಕರೆ ಎರರ್ 32 ಎಂದು ಬರೆದು, 30 ಸೆಕೆಂಡ್ ಕಾದು, ಮತ್ತೆ ಪ್ರಯತ್ನಿಸುತ್ತದೆ. ಎಷ್ಟು ಸಲ? ಬೇರೆ ಹೇಳದಿದ್ದರೆ ಹತ್ತು ಲಕ್ಷ ಸಲ. ಮೂವತ್ತು ಸೆಕೆಂಡಿನ ಲೆಕ್ಕದಲ್ಲಿ ಅದು ಹನ್ನೊಂದು ತಿಂಗಳಿಗೂ ಹೆಚ್ಚು. ಅಂದರೆ ಆ ಕಪ್ಪು ಕಿಟಕಿ ಅಕೌಂಟ್ಸನ್ನು ಮುಗಿಸಿ, ಅಕ್ಷರಕ್ರಮದಲ್ಲಿ ಎರಡನೆಯದಾದ ಬುಕಿಂಗ್ ಮೇಲ್‌ಗೆ ಬಂದು, ಅಲ್ಲೇ ಕೂತುಬಿಟ್ಟಿತ್ತು. ಚೆಕ್‌ರೋಲ್‌ವರೆಗೆ ಅದು ಹೋಗಲೇ ಇಲ್ಲ.

ಟಾಸ್ಕ್ ಶೆಡ್ಯೂಲರ್ ಮಾಮೂಲಾಗಿ ಯಾವ ಕೆಲಸವನ್ನೂ ಮೂರು ದಿನಕ್ಕಿಂತ ಹೆಚ್ಚು ಓಡಲು ಬಿಡುವುದಿಲ್ಲ. ಆ ಮೂರು ದಿನದೊಳಗೆ ಇನ್ನೊಂದು ಸಲ ಶುರುಮಾಡುವುದೂ ಇಲ್ಲ. ಹಾಗಾಗಿ ಮೂರು ದಿನ ಸಿಕ್ಕಿಕೊಂಡು, ಕೊನೆಗೆ ತಾನೇ ಕತ್ತರಿಸಲ್ಪಟ್ಟು, ಮತ್ತೆ ಅಕೌಂಟ್ಸಿನಿಂದ ಆರಂಭ. ರೈಟರ್ ಸಂಜೆ ಟ್ಯಾಲಿಯನ್ನು ತಪ್ಪದೆ ಮುಚ್ಚುವವರಾದ್ದರಿಂದ ಮೊದಲ ಫೋಲ್ಡರ್ ಮಾತ್ರ ಹೀಗೆ ಆಗಾಗ ಹೊಸದಾಗುತ್ತಿತ್ತು.

ಕಿಟಕಿ ಮುಚ್ಚಿಕೊಳ್ಳುತ್ತಿಲ್ಲ ಎಂಬುದನ್ನು ರೈಟರ್ ಗಮನಿಸಿದ್ದರು. "ಮೇಡಂ, ಆ ಕಪ್ಪು ಕಿಟಕಿ ದಿನಾ ತೆರೆದೇ ಇರ್ತದೆ, ಮುಚ್ಚಲಾ?" ಎಂದು ಕೇಳಿಯೂ ಇದ್ದರು. "ಬೇಡಿ ರೈಟರೇ, ಬ್ಯಾಕಪ್ ಆಗ್ತಾ ಇರಬೇಕು, ಕೆಳಗೆ ಇಳಿಸಿಡಿ" ಎಂಬ ಉತ್ತರ ಬಂತು. ಅವತ್ತು ಆ ಕಿಟಕಿಯ ಕೊನೆಯ ಸಾಲನ್ನು ಓದಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಟಾಸ್ಕ್ ಶೆಡ್ಯೂಲರಿನ ಕೊನೆಯ ಫಲಿತಾಂಶದ ಕಾಲಂನಲ್ಲಿ 0ಎಕ್ಸ್41301 ಎಂದು ಇದ್ದಿರಬೇಕು: ಕೆಲಸ ಇನ್ನೂ ಓಡುತ್ತಿದೆ ಎಂದರ್ಥ. ಹಗಲು ಹನ್ನೊಂದಕ್ಕೂ ಅದೇ ಸಂಖ್ಯೆ ಕಂಡರೆ ಸಂಶಯ ಪಡಬೇಕು.

ಏಪ್ರಿಲ್‌ನಲ್ಲಿ ಒಂದು ತಪಾಸಣೆಯೂ ನಡೆದಿತ್ತು. ಸೊಸೆಯವರು ಫೋನಿನಿಂದ ನಾಸ್ ತೆರೆದು, ಮೊದಲ ಫೋಲ್ಡರಿಗೆ ಹೋಗಿ, ಎರಡು ದಿನದ ಹಿಂದಿನ ತಾರೀಕು ನೋಡಿ ಸಮಾಧಾನಪಟ್ಟಿದ್ದರು. ಈ ಇಡೀ ಪ್ರಕರಣದಲ್ಲಿ ನಮಗೆ ಅತಿ ಮುಖ್ಯ ಎನಿಸುವ ಕ್ಷಣ ಇದೇ. ತಪಾಸಣೆ ಮಾಡದವರಿಗಿಂತ, ಮಾಡಿ ತಪ್ಪು ಉತ್ತರ ಪಡೆದವರಿಗೆ ಧೈರ್ಯ ಹೆಚ್ಚು.

ಎರಡನೆಯ ತಡೆ ಮಳೆಗಾಲದ್ದು. ಅಕೌಂಟ್ಸ್ ಕೂಡ ಜೂನ್ ಕೊನೆಗೆ ಯಾಕೆ ನಿಂತಿತು? ಈ ಮನೆಯಲ್ಲಿ ಇನ್ವರ್ಟರ್ ಲೈನ್ ಇರುವುದು ದೀಪ, ಫ್ಯಾನ್ ಮತ್ತು ರೂಟರ್ ಇರುವ ಮೂಲೆಗೆ ಮಾತ್ರ. ಆಫೀಸ್ ಕೋಣೆಯ ಸಾಕೆಟ್ ಅದಕ್ಕೆ ಸೇರಿಲ್ಲ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದ ರಾತ್ರಿ ನಾಸ್ ಇದೆ, ವೈಫೈ ಇದೆ, ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆ ಎಚ್ಚರವಾಗಿಯೇ ಇದೆ. ಆದರೂ ಬ್ಯಾಕಪ್ ಶುರುವಾಗದು. ಟಾಸ್ಕ್ ಶೆಡ್ಯೂಲರಿನ ಕಂಡಿಶನ್ಸ್ ಪುಟದಲ್ಲಿ "ಎಸಿ ವಿದ್ಯುತ್ ಇದ್ದರೆ ಮಾತ್ರ ಶುರುಮಾಡು" ಎಂಬುದಕ್ಕೆ ಮೊದಲಿನಿಂದಲೇ ಟಿಕ್ ಬಿದ್ದಿರುತ್ತದೆ. "ಬ್ಯಾಟರಿಗೆ ಬದಲಾದರೆ ನಿಲ್ಲಿಸು" ಎಂಬುದಕ್ಕೂ. ಅದೇ ಹೊತ್ತಿಗೆ ಸೆಟ್ಟಿಂಗ್ಸ್ ಪುಟದ "ತಪ್ಪಿಹೋದ ಕೆಲಸವನ್ನು ಆದಷ್ಟು ಬೇಗ ಓಡಿಸು" ಎಂಬುದಕ್ಕೆ ಟಿಕ್ ಇರುವುದಿಲ್ಲ. ಕರೆಂಟು ಹೋಗದ ಊರಿನ ಮೇಜನ್ನು ಮನಸ್ಸಿನಲ್ಲಿಟ್ಟು ಮಾಡಿದ ಮಾಮೂಲು ಇದು. ಆಷಾಢದ ಕೊಡಗಿನಲ್ಲಿ ರಾತ್ರಿ 9 ಗಂಟೆಗೆ ಕರೆಂಟು ಇರುತ್ತದೆಂದು ನಂಬಿ ಯಾವ ಕೆಲಸವನ್ನೂ ಇಟ್ಟುಕೊಳ್ಳುವಂತಿಲ್ಲ.

ಉಳಿದದ್ದು, ಹೋದದ್ದು

ಎಸ್‌ಎಸ್‌ಡಿಯನ್ನು ಡೇಟಾ ರಿಕವರಿಗೆ ಕಳಿಸಬೇಕೇ ಎಂಬ ಚರ್ಚೆ ನಡೆಯಿತು. ಡಿಸ್ಕ್ ವಿಂಡೋಸ್‌ನ ಬಿಟ್‌ಲಾಕರ್‌ನಿಂದ ಗೂಢಲಿಪಿಯಲ್ಲಿತ್ತು, ಕಂಟ್ರೋಲರ್ ಮಾತಾಡುತ್ತಿರಲಿಲ್ಲ. ಚಿಪ್ಪಿನಿಂದ ನೇರ ಓದಿದರೂ ಅರ್ಥವಿಲ್ಲದ ಅಕ್ಷರರಾಶಿಯೇ ಸಿಗುವುದು. ಕಳಿಸಲಿಲ್ಲ. ಆ ನಿರ್ಧಾರ ಸರಿ ಎಂದೇ ನಮ್ಮ ಅಭಿಪ್ರಾಯ.

ಚೆಕ್‌ರೋಲ್‌ಗೆ ಕಾಗದದ ಪುಸ್ತಕ ಇತ್ತು. ವಾರದ ಬಟವಾಡೆಗೆ ಮುಂಚೆ ಹಾಜರಿ, ಸಾಲದ ಕಡಿತ ಎಲ್ಲ ಅದರಲ್ಲಿ ಬರೆದೇ ಎಕ್ಸೆಲ್‌ಗೆ ಹಾಕುತ್ತಿದ್ದರು. ಆರು ತಿಂಗಳದ್ದನ್ನು ಕೂತು ಮತ್ತೆ ಟೈಪ್ ಮಾಡಿದ್ದಾಯಿತು. ಪಹಣಿಗಳನ್ನು ಭೂಮಿ ತಾಣದಿಂದ ಮತ್ತೆ ಇಳಿಸಿಕೊಳ್ಳಬಹುದಿತ್ತು. ಮಾರ್ಚ್‌ನಲ್ಲಿ ಸ್ಕ್ಯಾನ್ ಮಾಡಿದ್ದ ಹಳೆಯ ಕೈಬರಹದ ಪತ್ರಗಳನ್ನು ಬೀರುವಿನಿಂದ ತೆಗೆದು ಮತ್ತೆ ಸ್ಕ್ಯಾನ್ ಮಾಡಿದರು. ಕಾಫಿ ಮಾರಿದ ಬಿಲ್ಲು, ಎಷ್ಟು ಬೀಜ ಇಳಿಯಿತೆಂಬ ಔಟ್‌ಟರ್ನ್ ಚೀಟಿಗಳ ಪ್ರತಿ ವ್ಯಾಪಾರಿಯ ಬಳಿ ಇತ್ತು. ಮೇಲ್ ಮಾತ್ರ ಹೋಯಿತು. ಖಾತೆ ಪಾಪ್ ವಿಧಾನದಲ್ಲಿತ್ತು, ಅಂದರೆ ಮೇಲ್ ಸರ್ವರ್‌ನಿಂದ ಕಂಪ್ಯೂಟರಿಗೆ ಇಳಿದುಬರುವ ವಿಧಾನ. ಔಟ್‌ಲುಕ್ ಮಾಮೂಲಾಗಿ ಸರ್ವರ್‌ನಲ್ಲಿ 14 ದಿನದ ಪ್ರತಿಯನ್ನಷ್ಟೇ ಉಳಿಸುತ್ತದೆ. ಅಷ್ಟು ಸಿಕ್ಕಿತು. ದಸರಾ ರಜೆಗೆಂದು ಮುಂಗಡ ಕೊಟ್ಟಿದ್ದವರ ಪಟ್ಟಿಯನ್ನು ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು, ಒಬ್ಬೊಬ್ಬರಿಗೇ ಫೋನ್ ಮಾಡಿ ಕಟ್ಟಬೇಕಾಯಿತು.

ತಪ್ಪಿದ ದೊಡ್ಡ ಅನಾಹುತ

ಹೊಸ ಲ್ಯಾಪ್‌ಟಾಪ್ ಬಂತು: ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿ. ಅಂಗಡಿಯ ಹುಡುಗ ಹಳೆಯ ವ್ಯವಸ್ಥೆಯನ್ನೇ ಮತ್ತೆ ಕಟ್ಟಲು ಕೂತ. ಮೊದಲು ಸಿ ಡ್ರೈವ್‌ನಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರ್ ಮಾಡಿದ, ತನ್ನ ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಸ್ಕ್ರಿಪ್ಟನ್ನು ಶೆಡ್ಯೂಲರಿಗೆ ಹಾಕಿದ. ಆಮೇಲೆ ಝಡ್ ಡ್ರೈವ್ ಜೋಡಿಸಲು ಹೋದರೆ ಜೋಡಣೆಯಾಗಲಿಲ್ಲ. ನಾಸ್ ಕೂಡ ಕೆಟ್ಟಿತು ಎಂದು ಮನೆಯವರು ಕೈಚೆಲ್ಲಿದರು.

ನಾಸ್ ಕೆಟ್ಟಿರಲಿಲ್ಲ. 24ಎಚ್2ರಿಂದ ಪ್ರೊ ಆವೃತ್ತಿಯಲ್ಲಿ ನೆಟ್‌ವರ್ಕ್ ಫೈಲ್ ಸಂಪರ್ಕಕ್ಕೆ ಸಹಿ (ಡೇಟಾ ದಾರಿಯಲ್ಲಿ ಬದಲಾಗಿಲ್ಲ ಎಂಬುದಕ್ಕೆ ಡಿಜಿಟಲ್ ಗುರುತು) ಮಾಮೂಲಾಗಿಯೇ ಕಡ್ಡಾಯ, ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶಕ್ಕೆ ತಡೆ. ಆ ರಾತ್ರಿ ಒಂಬತ್ತಕ್ಕೆ ಸ್ಕ್ರಿಪ್ಟ್ ಓಡಿತು, ಝಡ್ ಸಿಗದೆ ಎರರ್ ಕೊಟ್ಟು ನಿಂತಿತು. ಝಡ್ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಒಮ್ಮೆ ಯೋಚಿಸಿ. ಮೂಲ ಫೋಲ್ಡರ್ ಖಾಲಿ, ಗುರುತು /ಎಂಐಆರ್. ನಾಸ್‌ನಲ್ಲಿ ಉಳಿದಿದ್ದ ಜನವರಿಯ ಚೆಕ್‌ರೋಲ್, ಹಳೆಯ ಫೋಟೋ, ಟ್ಯಾಲಿ ಎಲ್ಲವನ್ನೂ "ಮೂಲದಲ್ಲಿ ಇಲ್ಲ" ಎಂದು ಅಚ್ಚುಕಟ್ಟಾಗಿ ಗುಡಿಸಿಹಾಕುತ್ತಿತ್ತು. ಎರಡು ಡಿಸ್ಕಿನ ಪ್ರತಿಬಿಂಬ ಇಲ್ಲಿ ಉಪಯೋಗಕ್ಕೆ ಬಾರದು. ಅಳಿಸುವಿಕೆ ಎರಡರಲ್ಲೂ ಒಟ್ಟಿಗೇ ಆಗುತ್ತದೆ.

ಎಲ್ಲರೂ ಶಪಿಸಿದ ಎರರ್ ಸಂದೇಶವೇ ಉಳಿದ ಡೇಟಾವನ್ನು ಕಾಪಾಡಿತ್ತು. ಅಂತರ್ಜಾಲದಲ್ಲಿ ಇದಕ್ಕೆ ಸಿಗುವ ಸುಲಭ ಪರಿಹಾರ ಸಹಿಯ ಕಡ್ಡಾಯವನ್ನು ತೆಗೆದುಹಾಕುವುದು. ಹಾಗೆ ಮಾಡಬಾರದು. ನಾಸ್‌ನಲ್ಲಿ ಪಾಸ್‌ವರ್ಡ್ ಇರುವ ಬಳಕೆದಾರನನ್ನು ಮಾಡುವುದೇ ಸರಿ, ಐದು ನಿಮಿಷದ ಕೆಲಸ.

ಹೊಸದಾಗಿ ಕಟ್ಟಿದ್ದು

ಮೊದಲ ಕೆಲಸವಾಗಿ ಶೆಡ್ಯೂಲರಿನಿಂದ ಹಳೆಯ ಸ್ಕ್ರಿಪ್ಟನ್ನು ತೆಗೆದು, ನಾಸ್‌ನಲ್ಲಿದ್ದ ಎಲ್ಲವನ್ನೂ ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್‌ಗೆ ತೆಗೆದಿಟ್ಟರು. ಆಮೇಲೆ ನಾಸ್‌ನ ಡಿಸ್ಕ್‌ಗಳನ್ನು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗೆ ಮರುಫಾರ್ಮ್ಯಾಟ್ ಮಾಡಿದರು, ಏಕೆಂದರೆ ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಫೈಲುಗಳು ಇದ್ದ ಸ್ಥಿತಿಯ ದಾಖಲೆ) ಬೇಕಿದ್ದರೆ ಈ ನಾಸ್‌ನಲ್ಲಿ ಅದೇ ದಾರಿ. ದಿನಕ್ಕೊಂದರಂತೆ 30, ತಿಂಗಳಿಗೊಂದರಂತೆ 6 ಸ್ನ್ಯಾಪ್‌ಶಾಟ್. ಲ್ಯಾಪ್‌ಟಾಪ್ ಕಡೆಯಿಂದ ಯಾರು ಏನೇ ಅಳಿಸಿದರೂ, ವೈರಸ್ಸೇ ಬಂದು ಎಲ್ಲವನ್ನೂ ಗೂಢಲಿಪಿ ಮಾಡಿದರೂ, ನಿನ್ನೆಯ ಸ್ನ್ಯಾಪ್‌ಶಾಟ್ ನಾಸ್‌ನೊಳಗೆ ಹಾಗೇ ಇರುತ್ತದೆ. ಬ್ಯಾಕಪ್ ಫೋಲ್ಡರಿಗೆ ಪ್ರತ್ಯೇಕ ಬಳಕೆದಾರ. ಆ ಪಾಸ್‌ವರ್ಡ್ ಬ್ಯಾಕಪ್ ತಂತ್ರಾಂಶಕ್ಕೆ ಮಾತ್ರ ಗೊತ್ತು, ಝಡ್ ಡ್ರೈವ್ ಎಂಬುದೇ ಇಲ್ಲ.

ತಂತ್ರಾಂಶದ ಆಯ್ಕೆಯಲ್ಲಿ ವಿಂಡೋಸ್‌ನಲ್ಲೇ ಬರುವ ಫೈಲ್ ಹಿಸ್ಟರಿಯನ್ನು ಕೈಬಿಟ್ಟರು: ಅದು ಲೈಬ್ರರಿ, ಡೆಸ್ಕ್‌ಟಾಪ್‌ಗಳನ್ನು ನೋಡುತ್ತದೆ, ಸಿ ಡ್ರೈವ್‌ನಲ್ಲಿ ಬೇರೆ ಕಡೆ ಇರುವ ಫೋಲ್ಡರನ್ನು ಲೈಬ್ರರಿಗೆ ಸೇರಿಸದೆ ಹಿಡಿಯುವುದಿಲ್ಲ. ವೀಮ್ ಏಜೆಂಟ್ ಎಂಬ ಬ್ಯಾಕಪ್ ತಂತ್ರಾಂಶದ ಉಚಿತ ಆವೃತ್ತಿ ಹಾಕಿದರು. ಇದು ವಿಂಡೋಸ್‌ನ ವಿಎಸ್‌ಎಸ್ ಎಂಬ ಸವಲತ್ತಿನ ಮೂಲಕ ಇಡೀ ಡಿಸ್ಕಿನ ಒಂದು ಕ್ಷಣದ ಚಿತ್ರ ಹಿಡಿದು ಅದರಿಂದ ಪ್ರತಿ ಮಾಡುತ್ತದೆ. ಔಟ್‌ಲುಕ್ ತೆರೆದಿದ್ದರೂ ಪಿಎಸ್‌ಟಿ ಬರುತ್ತದೆ. ವೇಳೆಯನ್ನು ರಾತ್ರಿ ಒಂಬತ್ತರಿಂದ ಮಧ್ಯಾಹ್ನ ಒಂದೂವರೆಗೆ ತಂದರು. ರೈಟರ್ ಊಟಕ್ಕೆ ಏಳುವ ಹೊತ್ತು, ಲ್ಯಾಪ್‌ಟಾಪ್ ಖಂಡಿತ ಚಾಲೂ ಇರುತ್ತದೆ. ಆ ಹೊತ್ತಿಗೆ ಆಫ್ ಆಗಿದ್ದರೆ ಆನ್ ಆದ ಕೂಡಲೇ ಓಡಲಿ ಎಂಬ ಆಯ್ಕೆಗೂ ಟಿಕ್. 14 ದಿನದ ಪ್ರತಿಗಳು ಉಳಿಯುತ್ತವೆ. ಬ್ಯಾಟರಿಯ ಮೇಲೂ ಓಡುತ್ತದೆಯೇ ಎಂಬುದನ್ನು ಸೆಟ್ಟಿಂಗ್ ನಂಬಿ ಬಿಡದೆ, ಚಾರ್ಜರ್ ಕಿತ್ತು ಒಮ್ಮೆ ಓಡಿಸಿ ನೋಡಿದರು.

ಮೊದಲ ಪೂರ್ಣ ಬ್ಯಾಕಪ್ ಕೇಬಲ್ಲಿನಲ್ಲೇ ಆಗಬೇಕು. ಹಳೆಯ ಮನೆಯ ದಪ್ಪ ಗೋಡೆಗಳ ಆಚೆ ವೈಫೈ ಸೆಕೆಂಡಿಗೆ 5 ಎಂಬಿ ಕೊಟ್ಟರೆ ಹೆಚ್ಚು; 180 ಜಿಬಿಗೆ ಹತ್ತು ಗಂಟೆ, ಅದರ ನಡುವೆ ಒಂದು ಸಲ ಕರೆಂಟು ಹೋದರೂ ಕೆಲಸ ಹಾಳು. ಗಿಗಾಬಿಟ್ ಕೇಬಲ್ಲಿನಲ್ಲಿ ಸೆಕೆಂಡಿಗೆ 100 ಎಂಬಿ ಹಿಡಿದರೆ ಅರ್ಧ ಗಂಟೆ. ವಿಂಡೋಸನ್ನೂ ಸೇರಿಸಿ, ಕುಗ್ಗಿಸುವ ಹೊತ್ತನ್ನೂ ಸೇರಿಸಿ ಇಲ್ಲಿ ಸುಮಾರು ಒಂದು ಗಂಟೆ ಹಿಡಿಯಿತು. ಆಮೇಲೆ ದಿನದ ಬದಲಾವಣೆ 3ರಿಂದ 5 ಜಿಬಿ. ಅದಕ್ಕೆ ವೈಫೈ ಸಾಕು, ಊಟ ಮುಗಿಯುವಷ್ಟರಲ್ಲಿ ಆಗುತ್ತದೆ.

ರೋಬೋಕಾಪಿಯೇ ಸಾಕು ಎನ್ನುವವರಿಗೆ: /ಎಂಐಆರ್ ಬದಲು /ಇ ಹಾಕಿ (ಪ್ರತಿ ಮಾಡುತ್ತದೆ, ಗುರಿಯಲ್ಲಿ ಅಳಿಸುವುದಿಲ್ಲ), /ಆರ್:2 /ಡಬ್ಲ್ಯು:5 (ಎರಡೇ ಮರುಪ್ರಯತ್ನ, ನಡುವೆ 5 ಸೆಕೆಂಡ್) ತಪ್ಪದೆ ಸೇರಿಸಿ, ಝಡ್ ಬದಲು ನಾಸ್‌ನ ಪೂರ್ಣ ವಿಳಾಸ ಕೊಡಿ, ಲಾಗ್ ಫೈಲ್ ಬರೆಸಿ. ಅದು ಕೊಡುವ ಸಂಖ್ಯೆ 7ರವರೆಗೆ ಇದ್ದರೆ ವಿಫಲವಲ್ಲ, 8 ಅಥವಾ ಮೇಲಿದ್ದರೆ ಏನೋ ಪ್ರತಿಯಾಗಿಲ್ಲ. 1 ಕಂಡು ಹೆದರುವವರು ಬಹಳ. ಅದರರ್ಥ ಫೈಲುಗಳು ಸರಿಯಾಗಿ ಪ್ರತಿಯಾಗಿವೆ ಎಂದಷ್ಟೇ.

ಕರೆಂಟು, ತೇವ, ಗುಡ್ಡ

ನಾಸ್‌ನ ಲಾಗ್‌ನಲ್ಲಿ ಮಳೆಗಾಲದುದ್ದಕ್ಕೂ "ಸರಿಯಾಗಿ ಆಫ್ ಆಗಿಲ್ಲ" ಎಂಬ ಸಾಲುಗಳಿದ್ದವು. ಇನ್ವರ್ಟರ್ ಗಂಟೆಗಟ್ಟಲೆ ನಡೆಸುತ್ತದೆ ನಿಜ, ಆದರೆ ತನ್ನ ಬ್ಯಾಟರಿ ಮುಗಿಯುತ್ತಿದೆ ಎಂದು ನಾಸ್‌ಗೆ ಹೇಳುವುದಿಲ್ಲ. ಬರೆಯುತ್ತಿರುವಾಗಲೇ ಕತ್ತು ಹಿಸುಕಿದಂತೆ ನಿಲ್ಲುತ್ತದೆ. ಅದಕ್ಕೆ ಇನ್ವರ್ಟರ್ ಮತ್ತು ನಾಸ್ ನಡುವೆ 600 ವಿಎಯ ಚಿಕ್ಕ ಯುಪಿಎಸ್ ಹಾಕಿದರು. ಕೊಳ್ಳುವಾಗ ನೋಡಬೇಕಾದದ್ದು ಯುಎಸ್‌ಬಿ ಡೇಟಾ ಪೋರ್ಟ್. ಅಗ್ಗದವುಗಳಲ್ಲಿ ಇರುವುದಿಲ್ಲ, ಇಲ್ಲದಿದ್ದರೆ ಈ ಉದ್ದೇಶಕ್ಕೆ ದಂಡ. ನಾಸ್, ರೂಟರ್, ಫೈಬರ್ ಪೆಟ್ಟಿಗೆ ಮೂರೂ ಸೇರಿ 40 ವ್ಯಾಟ್ ಆಸುಪಾಸು. ಯುಪಿಎಸ್ ಬ್ಯಾಟರಿಗೆ ಇಳಿದು 10 ನಿಮಿಷವಾದರೆ ನಾಸ್ ತಾನೇ ಮುಚ್ಚಿಕೊಳ್ಳಬೇಕು, ಕರೆಂಟು ಬಂದಾಗ ತಾನೇ ಏಳಬೇಕು. ಎರಡನೆಯ ಟಿಕ್ ಮರೆತರೆ ಯಾರಾದರೂ ಗುಂಡಿ ಒತ್ತುವವರೆಗೆ ಬ್ಯಾಕಪ್ ಇಲ್ಲ. ಇಲ್ಲೊಂದು ತೊಡಕು ಎದುರಾಯಿತು: ಹಳೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದು. ಅದರ ಕರೆಂಟನ್ನು ಯುಪಿಎಸ್ ಕರೆಂಟೆಂದೇ ಒಪ್ಪದೆ ಬ್ಯಾಟರಿಗೆ ಇಳಿದುಬಿಡುತ್ತಿತ್ತು. ಸೈನ್ ವೇವ್ ಇನ್ವರ್ಟರ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು.

ನಾಸ್ ಮೊದಲು ಇದ್ದದ್ದು ಹೊರಗೋಡೆಗೆ ಒರಗಿದ ಮರದ ಕಪಾಟಿನೊಳಗೆ, ಬಾಗಿಲು ಹಾಕಿ. ಜುಲೈನಲ್ಲಿ ಆ ಗೋಡೆಯ ಸುಣ್ಣದ ಮೇಲೆ ಕೈಯಿಟ್ಟರೆ ಅಂಗೈ ಒದ್ದೆ. ಕೇಬಲ್ಲಿನ ತುದಿಯ ಎಂಟು ಹಿತ್ತಾಳೆ ಬಣ್ಣದ ಗೆರೆಗಳಲ್ಲಿ ಎರಡು ಹಸಿರು ತಿರುಗಿದ್ದವು, ಗಿಗಾಬಿಟ್ ಬದಲು 100 ಮೆಗಾಬಿಟ್‌ನಲ್ಲಿ ಸಂಪರ್ಕ ನಿಂತಿತ್ತು. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, ನೂರಕ್ಕೆ ನಾಲ್ಕು ಸಾಕು; ಆದ್ದರಿಂದ ಕೆಟ್ಟ ಕೇಬಲ್ ಪೂರ್ತಿ ನಿಲ್ಲದೆ ಹೀಗೆ ಕುಂಟುತ್ತದೆ. ತುದಿ ಕತ್ತರಿಸಿ ಹೊಸದು ಹಾಕಿ, ನಾಸ್ ಅನ್ನು ಒಳಗೋಡೆಯ ತೆರೆದ ಶೆಲ್ಫ್‌ಗೆ ತಂದರು. ಮಳೆಗಾಲದಲ್ಲಿ ಅದನ್ನು ಆಫ್ ಮಾಡಿಡುವುದಕ್ಕಿಂತ ಓಡುತ್ತಿರಲು ಬಿಡುವುದೇ ಮೇಲು, ಅದರ ಸಣ್ಣ ಬಿಸಿಯೇ ತೇವವನ್ನು ದೂರವಿಡುತ್ತದೆ.

ಮನೆಯಾಚೆಗಿನ ಪ್ರತಿ ಬೇಕೆಂದು ಇಲ್ಲಿ ಯಾರಿಗೂ ಒತ್ತಿ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು ಕಡೆ ಗುಡ್ಡ ಜಾರಿದಾಗ ಮನೆಗೆ ಮನೆಯೇ ಹೋಗಿದ್ದನ್ನು ಕಂಡವರು ಇವರು. 2 ಟಿಬಿಯ ಎರಡು ಯುಎಸ್‌ಬಿ ಡಿಸ್ಕ್ ತಂದರು. ಒಂದು ನಾಸ್‌ಗೆ ಸಿಕ್ಕಿಸಿರುತ್ತದೆ, ವಾರಕ್ಕೊಮ್ಮೆ ನಾಸ್ ತಾನೇ ಅದಕ್ಕೆ ಬರೆಯುತ್ತದೆ. ಇನ್ನೊಂದು ನೆಂಟರ ಮನೆಯಲ್ಲಿ. ಕುಶಾಲನಗರದಲ್ಲಿ ಇಡೋಣವೇ ಎಂಬ ಮಾತು ಬಂತು, ಅಲ್ಲಿಯ ತಗ್ಗಿನ ಬಡಾವಣೆಗಳಿಗೆ ಹೊಳೆ ನುಗ್ಗಿದ್ದು ನೆನಪಾಗಿ ಮೈಸೂರಿಗೆ ಕಳಿಸಿದರು. ಡಿಸ್ಕ್ ಗೂಢಲಿಪಿಯಲ್ಲಿದೆ, ಪಾಸ್‌ವರ್ಡ್ ಕಾಗದದಲ್ಲಿ ಬೇರೆ ಕಡೆ ಇದೆ. ಕ್ಲೌಡ್‌ಗೆ ಎಲ್ಲವನ್ನೂ ಹಾಕಲಿಲ್ಲ. ಅಕೌಂಟ್ಸ್, ಚೆಕ್‌ರೋಲ್ ಎರಡೂ ಸೇರಿ 3 ಜಿಬಿ ಇಲ್ಲ, ಅಷ್ಟು ಮಾತ್ರ ಹೋಗುತ್ತದೆ.

ಪರೀಕ್ಷೆ

ಅಕ್ಟೋಬರ್‌ನಲ್ಲಿ ಪುನಃಸ್ಥಾಪನೆಯ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಬೂಟ್ ಮಾಡಿ ನೋಡಿದರು. ನಾಸ್ ಸಿಗಲಿಲ್ಲ. ತೆಳ್ಳನೆಯ ಲ್ಯಾಪ್‌ಟಾಪ್‌ಗೆ ಕೇಬಲ್ ಪೋರ್ಟ್ ಇಲ್ಲ, ಯುಎಸ್‌ಬಿ ಅಡಾಪ್ಟರ್ ಬೇಕು. ಪೆನ್‌ಡ್ರೈವ್ ಮಾಡುವಾಗ ಅಡಾಪ್ಟರ್ ಸಿಕ್ಕಿಸಿರದ ಕಾರಣ ಅದರ ಡ್ರೈವರ್ ಸೇರಿರಲಿಲ್ಲ. ಸಿಕ್ಕಿಸಿ ಮತ್ತೆ ಮಾಡಿದ ಮೇಲೆ ನಾಸ್ ಕಂಡಿತು, ಬ್ಯಾಕಪ್‌ಗಳ ಪಟ್ಟಿ ಕಂಡಿತು. ಅಲ್ಲಿಗೇ ನಿಲ್ಲಿಸಿದರು, ಚಾಲೂ ಇರುವ ಡಿಸ್ಕಿನ ಮೇಲೆ ಬರೆಯಲಿಲ್ಲ.

ಈಗ ಪ್ರತಿ ಶನಿವಾರ ಬಟವಾಡೆ ಮುಗಿದ ಮೇಲೆ ರೈಟರ್ ಕೊನೆಯ ಬ್ಯಾಕಪ್ಪಿನಿಂದ ಎರಡು ಫೈಲ್ ತೆಗೆದು ತೆರೆಯುತ್ತಾರೆ. ಬೇಕೆಂದೇ ಕೊನೆಯ ಫೋಲ್ಡರಾದ ಲ್ಯಾಂಡ್‌ನಿಂದ ಒಂದು, ಆ ವಾರದ ಚೆಕ್‌ರೋಲ್‌ನಿಂದ ಒಂದು. ಬ್ಯಾಕಪ್ಪಿನ ತಾರೀಕು ಮತ್ತು ಗಾತ್ರವನ್ನು ಚೆಕ್‌ರೋಲ್ ಪುಸ್ತಕದ ಅಂಚಿನಲ್ಲಿ ಪೆನ್ನಿನಿಂದ ಬರೆಯುತ್ತಾರೆ. ಮೇಲ್ ಸೂಚನೆಗಿಂತ ನಮಗೆ ಇದರ ಮೇಲೆ ನಂಬಿಕೆ: ಸತ್ತ ಲ್ಯಾಪ್‌ಟಾಪ್ ಮೇಲ್ ಕಳಿಸುವುದಿಲ್ಲ, ಬಾರದ ಮೇಲನ್ನು ಯಾರೂ ಗಮನಿಸುವುದಿಲ್ಲ.

ಮುಂದಿನ ಜೂನ್‌ನಲ್ಲಿ ಕರೆಂಟು ದಿನಗಟ್ಟಲೆ ಇಲ್ಲದ ವಾರವೊಂದು ಬಂತು. ಇನ್ವರ್ಟರ್ ಮುಗಿದ ಮೇಲೆ ನಾಸ್ ತಾನೇ ಮುಚ್ಚಿಕೊಂಡಿತು, ಕರೆಂಟು ಬಂದಾಗ ಎದ್ದಿತು, ಅಂದೇ ಮಧ್ಯಾಹ್ನ ಬಾಕಿ ಬದಲಾವಣೆಗಳೆಲ್ಲ ಹೋದವು. ಆಗಸ್ಟ್‌ನಲ್ಲಿ ಚೆಕ್‌ರೋಲ್‌ನ ಒಂದು ಹಾಳೆಯ ಮೇಲೆ ತಪ್ಪಿ ಬೇರೆ ವಾರದ್ದನ್ನು ಸೇವ್ ಮಾಡಿದ್ದು ಹಿಂದಿನ ದಿನದ ಬ್ಯಾಕಪ್ಪಿನಿಂದ ಸಿಕ್ಕಿತು.

ಇನ್ನೂ ಉಳಿದಿರುವುದು ಎರಡು. ಹೋಂಸ್ಟೇ ಫೋಟೋಗಳು ಈಗ ಹೆಚ್ಚಾಗಿ ಫೋನಿನಲ್ಲೇ ಇರುತ್ತವೆ, ಲ್ಯಾಪ್‌ಟಾಪ್‌ಗೆ ಬರುವವರೆಗೆ ಅವಕ್ಕೆ ಯಾವ ಪ್ರತಿಯೂ ಇಲ್ಲ. ಮೈಸೂರಿನ ಡಿಸ್ಕನ್ನು ಮೇ ಕೊನೆಯೊಳಗೆ ಬದಲಾಯಿಸಬೇಕೆಂದು ಮಾತಾಗಿತ್ತು. ಈ ವರ್ಷ ಆ ಕಡೆ ಹೋಗುವವರು ಸಿಗದೆ, ಅಲ್ಲಿರುವುದು ಕೊಯ್ಲಿಗೆ ಮುಂಚಿನ ಲೆಕ್ಕ.